ಹಿಂತೆಗೆದುಕೊಳ್ಳಬಹುದಾದ ಕೆಲಸ

ಕಳೆದ ಡಿಸೆಂಬರಿನ ಒಂದು ಸಂಜೆ ನಮ್ಮ ಮನೆಯ ಅಂಗಳದಲ್ಲಿ ಹಸಿ ಅಡಿಕೆ ಸುಲಿಯುತ್ತಿದ್ದಾಗ, ಎದುರಿನ ಮೆಟ್ಟುಗತ್ತಿಗೆ ಕುಳಿತಿದ್ದ ಚಿಕ್ಕಪ್ಪನ ಮಗಳು ಕೈಯನ್ನೂ ನಿಲ್ಲಿಸದೆ, ತಲೆಯನ್ನೂ ಎತ್ತದೆ, "ಎಂತ ಮಾಡವು ಅಣ್ಣ?" ಎಂದು ಕೇಳಿದಳು. ಅವಳು ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್‌ನ ಕೊನೆಯ ವರ್ಷದಲ್ಲಿದ್ದಾಳೆ. ಕ್ಯಾಂಪಸ್ ಸಂದರ್ಶನದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಅವಳನ್ನು ಆರಿಸಿಕೊಂಡಿದೆ. ಚಿಕ್ಕಪ್ಪನಿಗಾದರೋ ಅವಳು ಬ್ಯಾಂಕಿನ ಪರೀಕ್ಷೆ ಬರೆದು, ಶಿರಸಿಯಲ್ಲೋ ಕುಮಟಾದಲ್ಲೋ, ಕಣ್ಣಳತೆಯಲ್ಲಿರಬೇಕೆಂಬ ಆಸೆ. ನಾನು ಯೋಚಿಸದೆ "ಸೇರು" ಎಂದುಬಿಟ್ಟೆ. ಹದಿನಾರು ವರ್ಷ ಅದೇ ಕೆಲಸ ಮಾಡಿದವನು ಎರಡಕ್ಷರದಲ್ಲಿ ಮುಗಿಸಿದ್ದು ಅವಳಿಗೆ ಸರಿ ಕಾಣಲಿಲ್ಲ. ಲಾಭವೆಷ್ಟು, ನಷ್ಟವೆಷ್ಟು, ಲೆಕ್ಕ ಬಿಡಿಸಿ ಹೇಳು ಎಂದು ಪಟ್ಟು ಹಿಡಿದಳು. ಆ ರಾತ್ರಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಣದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಎಲ್ಲರೂ ಕೇಳುವುದು ಅದನ್ನೇ, ಹೆಚ್ಚಿನವರು ತಪ್ಪಾಗಿ ತಿಳಿದಿರುವುದೂ ಅದನ್ನೇ. ಅವಳ ನೇಮಕಾತಿ ಪತ್ರದಲ್ಲಿ ಸಿಟಿಸಿ, ಅಂದರೆ ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಎಂಬ ಹೆಸರಿನಲ್ಲಿ ವರ್ಷಕ್ಕೆ ಆರು ಲಕ್ಷವೆಂದು ಬರೆದಿದೆ. ಮನೆಯವರು ಅದನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ ಐವತ್ತು ಸಾವಿರವೆಂದು ನೆಂಟರಿಗೆಲ್ಲ ಹೇಳಿಯೂ ಆಗಿದೆ. ಮೂಲವೇತನ ಆ ಮೊತ್ತದ ಅರ್ಧ, ಅಂದರೆ 3,00,000 ರೂಪಾಯಿ ಎಂದು ಹಿಡಿದರೆ, ಕಂಪನಿ ಭವಿಷ್ಯನಿಧಿಗೆ ಕಟ್ಟುವ ಶೇಕಡಾ 12, ಅಂದರೆ 36,000 ರೂಪಾಯಿ, ಆರು ಲಕ್ಷದೊಳಗೇ ಸೇರಿರುತ್ತದೆ. ಕೆಲಸ ಬಿಡುವಾಗ ಕೊಡುವ ಇಡುಗಂಟಾದ ಗ್ರ್ಯಾಚುಯಿಟಿಯ ಲೆಕ್ಕಕ್ಕೆ ವರ್ಷಕ್ಕೆ ಹದಿನೈದು ದಿನದ ಮೂಲವೇತನ, ಸುಮಾರು 14,400 ರೂಪಾಯಿ, ಅದೂ ಅದರೊಳಗೇ ಇರುತ್ತದೆ. ಆದರೆ ಕಾಯಂ ನೌಕರರು ಐದು ವರ್ಷ ಸತತವಾಗಿ ದುಡಿಯದ ಹೊರತು ಆ ಹಣ ಕೈಗೆ ಬರುವುದಿಲ್ಲ, ಮತ್ತು ಈ ಉದ್ಯೋಗದಲ್ಲಿ ಹೊಸಬರು ಒಂದೇ ಕಡೆ ಐದು ವರ್ಷ ನಿಲ್ಲುವುದು ಕಡಿಮೆ. ಕೆಲಸ ನೋಡಿ ಕೊಡುವ ಬದಲಾಗುವ ವೇತನವೆಂದು ಇನ್ನೊಂದು ಶೇಕಡಾ 10 ಕಳೆದು, ಅವಳ ಪಾಲಿನ ಭವಿಷ್ಯನಿಧಿಯ 36,000 ರೂಪಾಯಿಯನ್ನೂ ತಿಂಗಳಿಗೆ 200 ರೂಪಾಯಿಯ ವೃತ್ತಿ ತೆರಿಗೆಯನ್ನೂ ತೆಗೆದರೆ, ಖಾತೆಗೆ ಬೀಳುವುದು 37,600 ರೂಪಾಯಿಯ ಆಸುಪಾಸು. ಇದರಲ್ಲಿ ಮೋಸವೇನೂ ಇಲ್ಲ, ಭವಿಷ್ಯನಿಧಿ ಅವಳದೇ ಉಳಿತಾಯ. ಆದರೆ ಐವತ್ತು ಸಾವಿರವನ್ನು ನಂಬಿ ಬಾಡಿಗೆ ಮನೆ ಹಿಡಿದವರ ಮೊದಲ ವರ್ಷ ಹೇಗಿರುತ್ತದೆ ಎಂಬುದನ್ನು ನಾನು ಅನುಭವಿಸಿ ಬಲ್ಲೆ.

ಇಷ್ಟಾದರೂ ಸಂಬಳವನ್ನು ಹಗುರವಾಗಿ ಕಾಣುವ ಅಧಿಕಾರ ನನಗಿಲ್ಲ. ನಮ್ಮದು ಎರಡು ಎಕರೆ ಅಡಿಕೆ ತೋಟ. ವರ್ಷಕ್ಕೊಮ್ಮೆ ಅಡಿಕೆ ಸೊಸೈಟಿಗೆ ಹೋಗುತ್ತಿತ್ತು, ಅದರ ಹಣ ಬರುವ ಮೊದಲೇ ಗೊಬ್ಬರದ ಬಾಕಿ, ಕೂಲಿಯ ಮುಂಗಡ, ಬೆಳೆಸಾಲದ ಕಂತು ಎಂದು ಖಾತೆಯಲ್ಲಿ ಕಳೆದು ಹೋಗಿರುತ್ತಿತ್ತು. ನಾನು ಪದವಿ ಮುಗಿಸಿದ್ದು 2009ರಲ್ಲಿ, ಅಮೆರಿಕದ ಆರ್ಥಿಕ ಕುಸಿತದ ಬಿಸಿ ಇನ್ನೂ ಆರದಿದ್ದ ವರ್ಷ. ಕೈಯಲ್ಲಿ ನೇಮಕಾತಿ ಪತ್ರವಿದ್ದರೂ ಸೇರುವ ದಿನಾಂಕ ಎಂಟು ತಿಂಗಳು ಮುಂದಕ್ಕೆ ಹೋಯಿತು, ಆ ಎಂಟು ತಿಂಗಳೂ ಊರಿನವರ ಪ್ರಶ್ನೆಗೆ ಹೆದರಿ ನಾನು ಶಿರಸಿ ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದೆ. ಕೊನೆಗೂ ಸೇರಿ ಮೊದಲ ಸಂಬಳ ಬಂದಾಗ ಅಪ್ಪಯ್ಯನವರಿಗೆ ಆಶ್ಚರ್ಯವಾದದ್ದು ಮೊತ್ತ ನೋಡಿ ಅಲ್ಲ. ಮುಂದಿನ ತಿಂಗಳೂ, ಮಳೆ ಬಂದರೂ ಬಾರದಿದ್ದರೂ, ಅದೇ ತಾರೀಖಿಗೆ ಅಷ್ಟೇ ಹಣ ಬರುತ್ತದೆಯೇ ಎಂದು ಅವರು ಎರಡು ಬಾರಿ ಕೇಳಿದರು. ಸೊಸೈಟಿಯ ಸಾಲ ನಾಲ್ಕು ವರ್ಷದಲ್ಲಿ ತೀರಿತು. ಲೆಕ್ಕದ ಪುಸ್ತಕದ ಈ ಬದಿಯಲ್ಲಿ ಮೊದಲು ಬರೆಯಬೇಕಾದದ್ದು ಅದೇ.

ಆದರೆ ಇಷ್ಟು ವರ್ಷಗಳ ನಂತರ ಹಿಂದಿರುಗಿ ನೋಡಿದಾಗ, ಕಂಪನಿ ನನಗೆ ಕೊಟ್ಟದ್ದರಲ್ಲಿ ಸಂಬಳಕ್ಕಿಂತ ದೊಡ್ಡದು ಬೇರೊಂದಿದೆ ಎನಿಸುತ್ತದೆ. ಅದಕ್ಕೆ ಒಂದು ತಪ್ಪಿನ ಕತೆ ಹೇಳಬೇಕು. ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ ಅಮೆರಿಕದ ಅಂಗಡಿ ಸರಪಳಿಯೊಂದಕ್ಕಾಗಿ, ಪ್ರತಿ ರಾತ್ರಿ ಎರಡೂವರೆ ಗಂಟೆಗೆ ದಾಸ್ತಾನಿನ ವರದಿ ತಯಾರಿಸುವ ಪ್ರೋಗ್ರಾಂ ಬರೆದೆ. ಅದು ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. 2011ರ ಮಾರ್ಚ್ 13ರ ಭಾನುವಾರ ಮಾತ್ರ ವರದಿ ಬರಲಿಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಗಡಿಯಾರವನ್ನು ನೇರವಾಗಿ ಮೂರಕ್ಕೆ ತಿರುಗಿಸುತ್ತಾರೆ ಎಂಬುದು, ಪಂಚಾಂಗ ನೋಡಿ ಬೆಳೆದ ನನ್ನ ತಲೆಗೆ ಹೊಳೆದಿರಲಿಲ್ಲ. ಆ ದಿನ ಅಲ್ಲಿ ಎರಡೂವರೆ ಗಂಟೆ ಎಂಬುದು ಇರಲೇ ಇಲ್ಲ, ಇಲ್ಲದ ಗಂಟೆಗಾಗಿ ನನ್ನ ಪ್ರೋಗ್ರಾಂ ಕಾದು ಕುಳಿತಿತ್ತು. ಕೆಲಸ ಹೋಯಿತೆಂದೇ ತಿಳಿದು ಕಚೇರಿಗೆ ಓಡಿದೆ. ನನ್ನ ಮೇಲಿನ ಇಂಜಿನಿಯರ್ ವರದಿಯನ್ನು ಕೈಯಿಂದಲೇ ಓಡಿಸಿ, ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ಸರಿಪಡಿಸಿ, ಏನಾಯಿತು ಮತ್ತು ಮತ್ತೊಮ್ಮೆ ಆಗದಂತೆ ಏನು ಮಾಡುವೆ ಎಂದು ಒಂದು ಪುಟ ಬರೆದು ಕೊಡಲು ಹೇಳಿದರು. ಯಾರ ತಪ್ಪು ಎಂಬ ಶಬ್ದ ಆ ಪುಟದಲ್ಲಿ ಬರಬಾರದೆಂದೂ ಹೇಳಿದರು.

ನನಗೆ ಇದು ಬಹಳ ಹೊಸದು. ಏಕೆಂದರೆ ನಾನು ಬೆಳೆದ ಮನೆಯಲ್ಲಿ ಹಿಂದಕ್ಕೆ ತೆಗೆದುಕೊಳ್ಳಬಹುದಾದ ತಪ್ಪು ಎಂಬುದೇ ಇರಲಿಲ್ಲ. ಅಡಿಕೆಗೆ ಬರುವ ಕೊಳೆರೋಗದ ವಿಷಯ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಕೊನೆಗಳಿಗೆ, ಅಂದರೆ ಅಡಿಕೆಯ ಗೊಂಚಲುಗಳಿಗೆ, ಹೊಡೆಯಬೇಕು. 2013ರ ಮಳೆಗಾಲದಲ್ಲಿ ಎರಡನೆಯ ಮದ್ದಿಗೆ ಮಳೆ ಬಿಡುವು ಕೊಡಲೇ ಇಲ್ಲ. ಅಪ್ಪಯ್ಯ ಮೈಲುತುತ್ತ ಕರಗಿಸಿಟ್ಟುಕೊಂಡು ದಿನವೂ ಆಕಾಶ ನೋಡುತ್ತ ಕುಳಿತರು, ನಾನು ಬೆಂಗಳೂರಿನಿಂದ ದಿನವೂ ಫೋನ್ ಮಾಡಿ ಹವಾಮಾನ ವರದಿ ಓದಿ ಹೇಳುತ್ತಿದ್ದೆ. ಮದ್ದು ಹೊಡೆಯುವ, ಕೊನೆ ಇಳಿಸುವ ಕೆಲಸದ ಕೊನೆಗೌಡ ಮರ ಹತ್ತುವ ಹೊತ್ತಿಗೆ ತೋಟದ ನೆಲವೆಲ್ಲ ಉದುರಿದ ಎಳೆಯಡಿಕೆಯ ಹಾಸಿಗೆಯಾಗಿತ್ತು. ವರ್ಷದ ಮುಕ್ಕಾಲು ಬೆಳೆ ಹೋಯಿತು, ಅದನ್ನು ಮತ್ತೆ ಓಡಿಸಲು ಬರುವುದಿಲ್ಲ. ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಬೇಕಾಗುವ ಬೆಳೆಯಲ್ಲಿ, ತಪ್ಪಾದ ಜಾಗದಲ್ಲಿ ಬಸಿಗಾಲುವೆ ತೋಡಿದ್ದು ಗೊತ್ತಾಗುವುದಕ್ಕೇ ಹತ್ತು ವರ್ಷ ಹಿಡಿಯಬಹುದು. ಆದ್ದರಿಂದ ನಮ್ಮಲ್ಲಿ ಹೊಸತನ್ನು ಪ್ರಯತ್ನಿಸುವವರಿಗೆ ಮೊದಲು ಸಿಗುವುದು ಬೈಗುಳ, ಮತ್ತು ಆ ಬೈಗುಳಕ್ಕೆ ಕಾರಣವೂ ಇದೆ.

ಸಾಫ್ಟ್‌ವೇರಿನಲ್ಲಿ ಹಾಗಲ್ಲ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ಎಂಬ ಸಾಧನವನ್ನು ಇಂದು ಬಹುತೇಕ ಎಲ್ಲ ಕಂಪನಿಗಳೂ ಬಳಸುತ್ತವೆ. ಯಾರು, ಯಾವ ದಿನ, ಯಾವ ಸಾಲನ್ನು ಬದಲಿಸಿದರು ಎಂಬುದೆಲ್ಲ ಅದರಲ್ಲಿ ಉಳಿದಿರುತ್ತದೆ, ಬದಲಾವಣೆ ಕೆಟ್ಟದ್ದೆಂದು ತಿಳಿದರೆ ಒಂದು ಆದೇಶದಿಂದ ಹಿಂದಿನ ಸ್ಥಿತಿಗೆ ಮರಳಬಹುದು. ಕಳುಹಿಸಿದ ಹಣ, ಸೋರಿಹೋದ ಗುಟ್ಟು ಇವು ಮರಳಿ ಬರುವುದಿಲ್ಲ ನಿಜ. ಆದರೆ ಇಪ್ಪತ್ತೆರಡು ವರ್ಷದ ಹುಡುಗಿ ಮೊದಲ ಎರಡು ವರ್ಷ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಹಿಂತೆಗೆದುಕೊಳ್ಳಬಹುದಾದವು. ಅವಳು ಬರೆದದ್ದನ್ನು ಅನುಭವಿಯೊಬ್ಬರು ಸಾಲು ಸಾಲಾಗಿ ಓದಿ, ಇಲ್ಲಿ ಹೀಗೇಕೆ, ಅಲ್ಲಿ ಹಾಗೇಕೆ ಎಂದು ಕೇಳುತ್ತಾರೆ. ಹೀಗೆ ಹೆದರದೆ ಕಲಿಯುವ ಅವಕಾಶವನ್ನು, ಕಲಿಯುವವರಿಗೇ ಸಂಬಳ ಕೊಟ್ಟು, ಒದಗಿಸುವ ಕೆಲಸ ನಮ್ಮ ಜಿಲ್ಲೆಯಲ್ಲಿ ನಾನಂತೂ ಕಂಡಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಸೇರಿಸಬೇಕು. ನಾನು ಮೊದಲ ಎರಡು ವರ್ಷ ಮಾಡಿದ ಸಣ್ಣ ಸಣ್ಣ ಕೆಲಸಗಳನ್ನು, ಅಂದರೆ ಪ್ರೋಗ್ರಾಂ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ಪರೀಕ್ಷೆಗಳನ್ನು ಬರೆಯುವುದು, ಚಿಕ್ಕ ದೋಷಗಳನ್ನು ತಿದ್ದುವುದು ಇಂಥವನ್ನು, ಈಗ ನನ್ನ ತಂಡದಲ್ಲಿ ಕೃತಕ ಬುದ್ಧಿಮತ್ತೆಯ ಉಪಕರಣಗಳಿಗೆ ಒಪ್ಪಿಸುತ್ತಿದ್ದೇವೆ. ಹೊಸಬರು ತಪ್ಪು ಮಾಡಿ ಕಲಿಯುತ್ತಿದ್ದ ಜಾಗ ಅದೇ ಆಗಿತ್ತು. ಆದ್ದರಿಂದ ಸಂದರ್ಶನದ ಕೊನೆಯಲ್ಲಿ ನಿಮಗೇನಾದರೂ ಕೇಳುವುದಿದೆಯೇ ಎಂದರೆ, ನಾನು ಬರೆದದ್ದನ್ನು ಯಾರು ಓದುತ್ತಾರೆ ಎಂದು ಕೇಳು ಎಂದು ತಂಗಿಗೆ ಹೇಳಿದೆ. ಅವಳು ಆಗಲೇ ಸಂದರ್ಶನ ಮುಗಿಸಿಯಾಗಿತ್ತು ಎಂಬುದು ಬೇರೆ ಮಾತು. ಕಂಪನಿಯ ಎಚ್‌ಆರ್ ವಿಭಾಗಕ್ಕೆ ಮೇಲ್ ಬರೆದು ಕೇಳಿದಳು, ಉತ್ತರವಾಗಿ ಒಂದು ಚಂದದ ಕೈಪಿಡಿ ಬಂತು.

ಈಗ ಇನ್ನೊಂದು ಬದಿ. ಸುಲಭವಾಗಿ ಹಿಂತೆಗೆದುಕೊಳ್ಳಬಹುದಾದ ಕೆಲಸಕ್ಕೆ ತೂಕ ಕಡಿಮೆ, ಇದು ನನಗೆ ನಿಧಾನವಾಗಿ ತಿಳಿಯಿತು. ನನ್ನ ಎರಡನೆಯ ಕಂಪನಿಯಲ್ಲಿ ಹನ್ನೊಂದು ಜನ ಸೇರಿ ಎರಡೂವರೆ ವರ್ಷ ಕಟ್ಟಿದ ಉತ್ಪನ್ನವೊಂದನ್ನು ಅರ್ಧ ಗಂಟೆಯ ಸಭೆಯಲ್ಲಿ ನಿಲ್ಲಿಸಿದರು. ಆ ನಿರ್ಧಾರ ತಪ್ಪಲ್ಲದೆಯೂ ಇರಬಹುದು, ಕೊಳ್ಳುವವರಿರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಆ ಎರಡೂವರೆ ವರ್ಷಕ್ಕೆ ಸಾಕ್ಷಿಯಾಗಿ ಒಂದು ಟೀ ಶರ್ಟ್ ಬಿಟ್ಟರೆ ಏನೂ ಉಳಿದಿರಲಿಲ್ಲ. ಅಪ್ಪಯ್ಯ 1988ರಲ್ಲಿ ನೆಟ್ಟ ಮರಗಳಿಂದ ನಾವು ಇಂದಿಗೂ ಕೊನೆ ಇಳಿಸುತ್ತೇವೆ. ನಾನು 2011ರಲ್ಲಿ ಬರೆದ ಒಂದು ಸಾಲಾದರೂ ಇಂದು ಎಲ್ಲಿಯಾದರೂ ಓಡುತ್ತಿದೆಯೇ ಎಂದು ಯಾರಾದರೂ ಕೇಳಿದರೆ, ಇರಲಾರದು ಎನ್ನಬೇಕಾಗುತ್ತದೆ.

ಅದನ್ನಾದರೂ ಸಹಿಸಬಹುದು. ಸಹಿಸಲು ಕಷ್ಟವಾದದ್ದು, ಪ್ರೋಗ್ರಾಂಗಳಿಗಾಗಿ ಹುಟ್ಟಿದ ಈ ಅಭ್ಯಾಸವನ್ನು ಕಂಪನಿಗಳು ಮನುಷ್ಯರ ಮೇಲೂ ಪ್ರಯೋಗಿಸುವುದು. ಹತ್ತು ವರ್ಷ ನನ್ನ ಪಕ್ಕ ಕುಳಿತಿದ್ದ ಗೆಳೆಯನೊಬ್ಬ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದಾಗ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ, ಕಾರಣವನ್ನು ಅವನು ತಿಳಿದದ್ದು ಸ್ವಂತ ಮೇಲ್‌ಗೆ ಬಂದ ಪತ್ರದಿಂದ. ಅವನಾಗಿಯೇ ಬಿಟ್ಟು ಹೋಗುವುದಾಗಿದ್ದರೆ ತೊಂಬತ್ತು ದಿನ ಮೊದಲು ತಿಳಿಸಬೇಕಿತ್ತು. ಎರಡು ತಿಂಗಳ ಸಂಬಳ ಕೊಟ್ಟು ಕಳುಹಿಸಿದರು, ನಿಯಮದಂತೆ ಎಲ್ಲವೂ ಸರಿಯಾಗಿಯೇ ಇತ್ತು. ಕೊನೆಗೌಡನಿಗೆ ನಾಳೆಯಿಂದ ಬರಬೇಡ ಎನ್ನುವ ಮುನ್ನ ನಮ್ಮೂರಿನ ಯಜಮಾನರು ನಾಲ್ಕು ಸಲ ಯೋಚಿಸುತ್ತಾರೆ. ಅದರಲ್ಲಿ ಒಳ್ಳೆಯತನಕ್ಕಿಂತ ಮರ ಹತ್ತುವವರು ಸಿಗುವುದಿಲ್ಲವೆಂಬ ಭಯವೇ ಹೆಚ್ಚೆಂದು ನನಗೂ ಗೊತ್ತು. ಸಾಫ್ಟ್‌ವೇರಿನಲ್ಲಿ ಆ ಭಯ ಕಂಪನಿಗಿಲ್ಲ.

ಸಮಯದ ವಿಷಯವನ್ನು ಊರಿನವರು ಹೆಚ್ಚಾಗಿ ತಪ್ಪು ತಿಳಿಯುತ್ತಾರೆ. ಎಂಟು ಗಂಟೆ ಕುರ್ಚಿಯಲ್ಲಿ ಕುಳಿತರೆ ಮುಗಿಯಿತು, ಬಿಸಿಲಿಲ್ಲ, ಇಂಬಳದ ಕಾಟವಿಲ್ಲ ಎನ್ನುತ್ತಾರೆ. ನಮ್ಮ ಕಂಪನಿಯ ಮುಖ್ಯ ಕಚೇರಿ ಇರುವುದು ಅಮೆರಿಕದ ಪಶ್ಚಿಮ ತೀರದಲ್ಲಿ. ಅಲ್ಲಿಯ ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಅವರ ಬೆಳಗಿನ ಒಂಬತ್ತರ ಸಭೆ ನವೆಂಬರ್ ಬಂದೊಡನೆ ನನಗೆ ರಾತ್ರಿ ಹತ್ತೂವರೆಯ ಸಭೆಯಾಗುತ್ತದೆ, ಸರಿಯಾಗಿ ಕೊನೆ ಕೊಯ್ಲಿನ ದಿನಗಳಲ್ಲಿ, ಬೆಳಿಗ್ಗೆ ಬೇಗ ಏಳಬೇಕಾದಾಗ. ಊರೆಲ್ಲ ಮಲಗಿದ ಮೇಲೆ ನಾನು ಉಪ್ಪರಿಗೆಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕೇಳಿ, ಯಾರ ಹತ್ತಿರ ಜಗಳವೆಂದು ಆಯಿ ಬಾಗಿಲು ತಟ್ಟಿದ್ದೂ ಉಂಟು.

ಇದಲ್ಲದೆ ಪಾಳಿಯ ಕಾವಲಿದೆ. ನಾವು ಗ್ರಾಹಕರಿಗೆ ಶೇಕಡಾ 99.9ರಷ್ಟು ಸಮಯ ಸೇವೆ ನಡೆದೇ ಇರುತ್ತದೆಂದು ಮಾತು ಕೊಡುತ್ತೇವೆ. ಕೇಳಲು ಸುಲಭ, ಲೆಕ್ಕ ಹಾಕಿದರೆ ಮೂವತ್ತು ದಿನದ ತಿಂಗಳಲ್ಲಿ ಕೇವಲ 43 ನಿಮಿಷ ನಿಲ್ಲಬಹುದು ಎಂದರ್ಥ. ಆ 43 ನಿಮಿಷವನ್ನು ಕಾಯಲು ಸರದಿಯ ಪ್ರಕಾರ ಒಬ್ಬೊಬ್ಬರು ವಾರವಿಡೀ ಫೋನನ್ನು ದಿಂಬಿನ ಪಕ್ಕ ಇಟ್ಟು ಮಲಗುತ್ತಾರೆ. 2021ರ ಡಿಸೆಂಬರ್ 10ರ ಶುಕ್ರವಾರ, ಲಾಗ್‌ಫೋರ್‌ಜೆ ಎಂಬ ಸಣ್ಣ ಜಾವಾ ಲೈಬ್ರರಿಯಲ್ಲಿ, ಅಂದರೆ ಬೇರೆ ಪ್ರೋಗ್ರಾಂಗಳು ಎತ್ತಿ ಬಳಸುವ ಸಿದ್ಧ ಭಾಗದಲ್ಲಿ, ದೊಡ್ಡ ಬಿರುಕಿದೆಯೆಂಬ ಸುದ್ದಿ ಹಬ್ಬಿದಾಗ ಸರದಿ ನನ್ನದಾಗಿತ್ತು. ಪ್ರೋಗ್ರಾಂಗಳು ತಮ್ಮ ದಿನಚರಿ ಬರೆದುಕೊಳ್ಳಲು ಬಳಸುವ, ಕೆಲವೇ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದ ಆ ಚಿಕ್ಕ ವಸ್ತು ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ಕುಳಿತಿತ್ತು, ಒಂದು ವಿಶೇಷ ಸಾಲನ್ನು ಕಳುಹಿಸಿದರೆ ಹೊರಗಿನವರು ಒಳಗೆ ತಮ್ಮ ಆಜ್ಞೆ ನಡೆಸಬಹುದಾಗಿತ್ತು. ಶನಿವಾರ, ಭಾನುವಾರ ಎರಡೂ ರಾತ್ರಿ ನಾನು ಮೇಲೆ ಸರ್ವರ್‌ಗಳಿಗೆ ತೇಪೆ ಹಾಕುತ್ತಿದ್ದರೆ, ಕೆಳಗೆ ಅಂಗಳದಲ್ಲಿ ಸುಲಿಯುವವರ ಹರಟೆಯೂ ಹಂಡೆಯಲ್ಲಿ ಅಡಿಕೆ ಬೇಯುವ ವಾಸನೆಯೂ ಏರಿ ಬರುತ್ತಿದ್ದವು. ನಿಜ ಹೇಳಬೇಕೆಂದರೆ ಆ ಎರಡು ರಾತ್ರಿಗಳನ್ನು ನಾನು ನಷ್ಟದ ಬದಿಗೆ ಬರೆಯಲಾರೆ. ಅಷ್ಟು ಚುರುಕಾಗಿ ಮನಸ್ಸು ಓಡಿದ ದಿನಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಅಷ್ಟರಲ್ಲಿ ನಾನು ಊರಿಗೆ ಬಂದದ್ದು ಹೇಗೆಂದು ಹೇಳಲಿಲ್ಲ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಘೋಷಣೆಗೆ ನಾಲ್ಕು ದಿನ ಮೊದಲು, ರಾತ್ರಿ ಬಸ್ಸಿನಲ್ಲಿ ಒಂದು ಚೀಲ ಬಟ್ಟೆಯೊಂದಿಗೆ ಬಂದೆ. ಮೊದಲ ಕೆಲವು ತಿಂಗಳು ಮೊಬೈಲ್ ಸಿಗ್ನಲ್‌ಗಾಗಿ ಬೆಟ್ಟದ ತುದಿಯ ಗೇರುಮರದ ಬುಡದಲ್ಲಿ ಕುಳಿತು ಕೆಲಸ ಮಾಡಿದೆ. ಮರುವರ್ಷ ಸ್ಥಳೀಯ ಕೇಬಲ್‌ನವರು ಮರದಿಂದ ಮರಕ್ಕೆ ಫೈಬರ್ ತಂತಿ ಎಳೆದು ಮನೆಗೆ ತಂದರು. ಮಳೆಗಾಲದಲ್ಲಿ ವಿದ್ಯುತ್ ಹೋದರೆ ಎರಡು ದಿನವಾದರೂ ಬಾರದಿರುವುದು ನಮ್ಮಲ್ಲಿ ಹೊಸತಲ್ಲ. ಇನ್ವರ್ಟರಿನ ಬ್ಯಾಟರಿ ಎರಡರಿಂದ ನಾಲ್ಕಾಯಿತು. ಎಲ್ಲಿಂದ ಬೇಕಾದರೂ ಕೆಲಸ ಮಾಡಿ, ಇದು ಶಾಶ್ವತ ಎಂದು ಕಂಪನಿಯ ದೊಡ್ಡವರು ಪರದೆಯ ಮೇಲೆ ಬಂದು ಹೇಳಿದಾಗ ನಾನು ಬೆಂಗಳೂರಿನ ಬಾಡಿಗೆ ಮನೆ ಬಿಟ್ಟುಕೊಟ್ಟೆ.

2022ರಲ್ಲಿ ಅಪ್ಪಯ್ಯನವರಿಗೆ ಎದೆನೋವು ಬಂತು. ಶಿರಸಿಯಲ್ಲಿ ಪ್ರಥಮ ಚಿಕಿತ್ಸೆ ಮಾಡಿ ಹುಬ್ಬಳ್ಳಿಗೆ ಕರೆದೊಯ್ಯಲು ಹೇಳಿದರು. ಸುಮಾರು ನೂರು ಕಿಲೋಮೀಟರ್ ದಾರಿ, ಕಾರು ಓಡಿಸಿದವನು ನಾನೇ. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ, ಕಾರವಾರದವರು ಗೋವಾಕ್ಕೋ, ಘಟ್ಟದ ಮೇಲಿನವರು ಹುಬ್ಬಳ್ಳಿಗೋ ಓಡುತ್ತೇವೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯೇ ದನಿಯೆತ್ತಿದ್ದೂ ಅದೇ ವರ್ಷ. ಆ ರಾತ್ರಿ ನಾನು ಬೆಂಗಳೂರಿನಲ್ಲಿದ್ದಿದ್ದರೆ ಎಂಬ ಯೋಚನೆ ಈಗಲೂ ಒಮ್ಮೊಮ್ಮೆ ನಿದ್ದೆ ಕೆಡಿಸುತ್ತದೆ. ಚಿಕಿತ್ಸೆಯ ಬಹುಪಾಲನ್ನು ಭರಿಸಿದ್ದು ಕಂಪನಿಯ ವಿಮೆ ಎಂಬುದನ್ನೂ ಇಲ್ಲಿಯೇ ಹೇಳಬೇಕು, ಇಲ್ಲವಾದರೆ ಲೆಕ್ಕ ಸುಳ್ಳಾಗುತ್ತದೆ.

ಶಾಶ್ವತವೆಂದು ಹೇಳಿದ ಆ ವ್ಯವಸ್ಥೆಯನ್ನು ಈಗ ಹಿಂತೆಗೆದುಕೊಂಡಿದ್ದಾರೆ. ಏಪ್ರಿಲ್‌ನಿಂದ ವಾರಕ್ಕೆ ಮೂರು ದಿನ ಬೆಂಗಳೂರಿನ ಕಚೇರಿಗೆ ಬರಬೇಕೆಂದು ಮೇಲ್ ಬಂದಿದೆ. ಅದರಲ್ಲಿ ಸಹಯೋಗ, ಸಂಸ್ಕೃತಿ ಎಂಬ ಶಬ್ದಗಳಿವೆ. ಮೊದಲು ಕೊಟ್ಟ ಮಾತಿನ ಉಲ್ಲೇಖವಿಲ್ಲ. ಗಿಟ್‌ನಲ್ಲಾದರೆ ಹಿಂತೆಗೆದುಕೊಂಡದ್ದೂ ದಾಖಲಾಗಿ ಉಳಿಯುತ್ತಿತ್ತು.

ತಂಗಿಯ ವಿಷಯಕ್ಕೆ ಮರಳುತ್ತೇನೆ. ಅವಳ ಲೆಕ್ಕ ನನ್ನ ಲೆಕ್ಕದಂತೆಯೇ ಇರಬೇಕಾಗಿಲ್ಲ. ಹೆಣ್ಣುಮಗಳೊಬ್ಬಳು ತನ್ನ ಹೆಸರಿನ ಖಾತೆ, ತನ್ನದೇ ಕೋಣೆಯ ಬೀಗದ ಕೈ ಇಟ್ಟುಕೊಂಡು ಎರಡು ಮೂರು ವರ್ಷ ಬದುಕುವುದಕ್ಕೆ ನಮ್ಮ ಕಡೆ ಬೇರೆ ದಾರಿಗಳು ಕಡಿಮೆ. ಕಾರವಾರದ ನೌಕಾನೆಲೆ, ಕೈಗಾದ ಅಣು ವಿದ್ಯುತ್ ಸ್ಥಾವರ, ಬ್ಯಾಂಕು, ಶಾಲೆ ಇಷ್ಟನ್ನು ಬಿಟ್ಟರೆ ಓದಿದವರಿಗೆ ಇಲ್ಲಿ ಇನ್ನೇನಿದೆ? 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರಗಳಿಗೆ ಏರಿದೆ, ದೊಡ್ಡ ಕಂಪನಿಗಳು ಅದನ್ನು ಗೊಣಗದೆ ಕೊಡುವುದನ್ನು ನೋಡಿದ್ದೇನೆ. ಊರಿನಲ್ಲಿ ಉಳಿದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ, ಓದಿದ ಹುಡುಗಿಯರೆಲ್ಲ ಬೆಂಗಳೂರು ಸೇರಿದರು ಎಂದು ನಮ್ಮಲ್ಲಿ ದೂರುವವರಿದ್ದಾರೆ. ಆ ಹುಡುಗರ ಪಟ್ಟಿಯಲ್ಲಿ ಮೂವತ್ತೆಂಟರ ನಾನೂ ಇದ್ದೇನೆ: ಬೆಂಗಳೂರಿನಲ್ಲಿದ್ದಾಗ ಬರುತ್ತಿದ್ದ ಜಾತಕಗಳು, ಅದೇ ಕಂಪನಿಯ ಅದೇ ಸಂಬಳವನ್ನು ಊರಿನಲ್ಲಿ ಕುಳಿತು ಪಡೆಯತೊಡಗಿದೊಡನೆ ನಿಂತುಹೋದವು. ಆದರೂ ಆ ದೂರಿಗೆ ದನಿಗೂಡಿಸಿ ಅವಳನ್ನು ಹೋಗಬೇಡ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಆದ್ದರಿಂದ ನನ್ನ ಉತ್ತರ ಮೊದಲಿನದೇ, ಸೇರು. ಆದರೆ ಆರು ಲಕ್ಷವನ್ನು ನೋಡಿ ಅಲ್ಲ, ಹೆದರದೆ ತಪ್ಪು ಮಾಡಿ ಕಲಿಯಲು ಸಿಗುವ ಮೊದಲ ಮೂರು ವರ್ಷಗಳನ್ನು ನೋಡಿ ಸೇರು. ಕಂಪನಿ ಶಾಶ್ವತವೆಂದು ಹೇಳುವ ಯಾವುದನ್ನೂ ನಂಬಿ ಬಾಡಿಗೆ ಮನೆ ಬಿಡಬೇಡ, ಸಾಲ ಮಾಡಿ ಫ್ಲ್ಯಾಟ್ ಕೊಳ್ಳಬೇಡ. ಆರು ತಿಂಗಳ ಖರ್ಚನ್ನು ಮುಟ್ಟದೆ ಬೇರೆ ಇಡು. ಇದನ್ನೆಲ್ಲ ಮೊನ್ನೆ ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ನೀನು ಏಪ್ರಿಲ್‌ನಲ್ಲಿ ಹೋಗುತ್ತೀಯೋ ಇಲ್ಲವೋ ಎಂದು ಕೇಳಿದಳು.

ಮಳೆಗಾಲ ಮುಗಿಯುವವರೆಗೆ ಊರಿನಿಂದಲೇ ಕೆಲಸ ಮಾಡಲು ಅವಕಾಶ ಕೊಡಿ ಎಂದು ಮ್ಯಾನೇಜರಿಗೆ ಬರೆದಿದ್ದೇನೆ. ಅಪ್ಪಯ್ಯನವರು ಈಗ ತೋಟಕ್ಕೆ ಇಳಿಯುವಂತಿಲ್ಲ, ಮೊದಲ ಮದ್ದಿನ ಹೊತ್ತಿಗೆ ದೋಟಿ ಎಂಬ ಉದ್ದ ಕೋಲು ಹಿಡಿಯುವವರನ್ನು ಹುಡುಕಿ ನಿಲ್ಲಿಸುವವರು ಬೇಕು. ಪತ್ರದಲ್ಲಿ ಕೊಳೆರೋಗವನ್ನು ಹೇಗೆ ವಿವರಿಸುವುದೆಂದು ತಿಳಿಯದೆ, ಕುಟುಂಬದ ಆರೋಗ್ಯದ ಕಾರಣ ಎಂದಷ್ಟೇ ಬರೆದೆ. ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದಿದ್ದಾರೆ.